ನಾಲ್ಕು ಕಿಂಡಿಯ ಕಾರ್ಡು, ಹಳೆಯ ಬೆಂಗಳೂರಿನ ಮನೆ

ಸಾಮಾನ್ಯ ಕಂಪ್ಯೂಟರಿನ ಹಿಂಬದಿಯಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸಲು ಇರುವುದು ಒಂದೇ ಕಿಂಡಿ. ಬಹುಪೋರ್ಟ್ ನೆಟ್‌ವರ್ಕ್ ಕಾರ್ಡಿನಲ್ಲಿ ಅಂಥ ಕಿಂಡಿಗಳು ಎರಡು ಇರುತ್ತವೆ, ಹೆಚ್ಚಾಗಿ ನಾಲ್ಕು. ಗೇಣುದ್ದದ ಒಂದು ಹಲಗೆ, ಅದರ ತುದಿಗೆ ಲೋಹದ ಪಟ್ಟಿ, ಪಟ್ಟಿಯಲ್ಲಿ ಸಾಲಾಗಿ ನಾಲ್ಕು ಚೌಕ ಬಾಯಿಗಳು. ಕಂಪ್ಯೂಟರಿನ ಡಬ್ಬ ಬಿಚ್ಚಿ ಇದನ್ನು ಒಳಗೆ ಕೂರಿಸಿದರೆ ಆ ಒಂದು ಯಂತ್ರಕ್ಕೆ ನಾಲ್ಕು ಬೇರೆ ಬೇರೆ ನೆಟ್‌ವರ್ಕುಗಳ ಜೊತೆ ಏಕಕಾಲಕ್ಕೆ ಮಾತಾಡುವ ಶಕ್ತಿ ಬರುತ್ತದೆ. ಈ ಕಾರ್ಡುಗಳು ಹುಟ್ಟಿದ್ದು ದೊಡ್ಡ ಕಚೇರಿಗಳ ಸರ್ವರ್‌ಗಳಿಗಾಗಿ. ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ಸರ್ವರ್ ಬದಲಿಸುತ್ತವೆ, ಹಳೆಯವು ಬಿಡಿಭಾಗಗಳಾಗಿ ಮಾರುಕಟ್ಟೆಗೆ ಬರುತ್ತವೆ. ಬೆಂಗಳೂರಿನಲ್ಲಿ ಆ ಮಾರುಕಟ್ಟೆ ಎಂದರೆ ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ. ಪುರಭವನದಿಂದ ನಡೆದೇ ಹೋಗಬಹುದು. ಚಾಮರಾಜಪೇಟೆಯವರಿಗೆ ಮಾರ್ಕೆಟ್ ದಾಟಿದರೆ ಸಿಗುತ್ತದೆ. ಕಚೇರಿಯಿಂದ ಹೊರಬಿದ್ದ ಒಂದು ಹಳೆಯ ಕಂಪ್ಯೂಟರು, ಅದರೊಳಗೆ ಇಂಥ ಒಂದು ಕಾರ್ಡು, ಇವೆರಡೂ ಕೂಡಿದರೆ ಒಂದು ಮನೆಯ ಇಡೀ ನೆಟ್‌ವರ್ಕನ್ನು ನಡೆಸಬಲ್ಲವು.

ಇದು ಯಾರಿಗೆ ಬೇಕು ಎಂದು ತಿಳಿಯಲು ಹಳೆಯ ಬಡಾವಣೆಗಳ ಮನೆಗಳನ್ನು ನೋಡಬೇಕು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದದ್ದು 1898ರ ಪ್ಲೇಗಿನ ನಂತರ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಗಾಳಿ ಬೆಳಕಿನ ಜಾಗಕ್ಕೆ ತರಬೇಕೆಂಬ ಉದ್ದೇಶದಿಂದ. ಆ ಕಾಲದ ಮನೆಗಳಲ್ಲಿ ಉಳಿದಿರುವವುಗಳಿಗೆ ಇಟ್ಟಿಗೆ ಗಾರೆಯ ದಪ್ಪ ಗೋಡೆಗಳು, ತೇಗದ ತೊಲೆಯ ಮೇಲೆ ಇಟ್ಟಿಗೆ ಹಾಸಿದ ಮದ್ರಾಸ್ ತಾರಸಿ, ಕೆಳಗೆ ಕೆಂಪು ಆಕ್ಸೈಡಿನ ನೆಲ. ವಾಸಕ್ಕೆ ಇಷ್ಟು ತಂಪಾದ ಮನೆ ಈಗ ಕಟ್ಟುವವರಿಲ್ಲ. ವೈಫೈಗೆ ಮಾತ್ರ ಈ ಗೋಡೆಗಳು ದೊಡ್ಡ ಅಡ್ಡಿ. ಅದರಲ್ಲೂ ವೇಗ ಹೆಚ್ಚಿರುವ 5 ಗಿಗಾಹರ್ಟ್ಸ್ ಅಲೆಗಳು ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೋತು ಹೋಗುತ್ತವೆ. ಮುಂದಿನ ಹಜಾರದಲ್ಲಿರುವ ರೌಟರಿನ ಸಂಕೇತ ಹಿತ್ತಲ ಕೋಣೆಗೆ ಮುಟ್ಟುವುದಿಲ್ಲ.

ಮನೆಯೊಳಗಿನ ಜೀವನವೂ ಬದಲಾಗಿದೆ. ಕೆಳಗೆ ಮನೆಯ ಹಿರಿಯರು, ಮಹಡಿಯಲ್ಲಿ ಬಾಡಿಗೆಯವರು, ಹಿಂದಿನ ಔಟ್‌ಹೌಸಿನಲ್ಲಿ ಒಂದು ಟ್ಯೂಷನ್ನೋ ಲೆಕ್ಕಪತ್ರದ ಕಚೇರಿಯೋ, ಗೇಟಿನ ಮೇಲೆ ಸಿಸಿಟಿವಿ. ಎಲ್ಲರಿಗೂ ಇಂಟರ್ನೆಟ್ ಬೇಕು, ಒಬ್ಬರ ಯಂತ್ರ ಇನ್ನೊಬ್ಬರಿಗೆ ಕಾಣಬಾರದು. ಬಹುಪೋರ್ಟ್ ಕಾರ್ಡಿನ ನಿಜವಾದ ಉಪಯೋಗ ಇಲ್ಲಿದೆ.

ಇಂಥ ಕಿಂಡಿ ಮತ್ತು ಕೇಬಲ್ಲಿನಿಂದ ಕಂಪ್ಯೂಟರುಗಳನ್ನು ಜೋಡಿಸುವ ತಂತ್ರಕ್ಕೆ ಈಥರ್ನೆಟ್ ಎಂದು ಹೆಸರು. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಇದನ್ನು ರೂಪಿಸಿದರು. ಮೊದಲು ಎಲ್ಲ ಕಂಪ್ಯೂಟರುಗಳೂ ಒಂದೇ ದಪ್ಪ ಕೇಬಲ್ಲಿಗೆ ನೇತುಬಿದ್ದಿದ್ದವು. 1990ರಲ್ಲಿ ಟೆಲಿಫೋನ್ ತಂತಿಯಂಥ ತಿರುಚಿದ ಜೋಡಿ ತಂತಿಗೆ ಮಾನದಂಡ ಬಂತು. ಅದೇ ವರ್ಷ ಹಲವು ಕೇಬಲ್ಲುಗಳನ್ನು ಒಂದೆಡೆ ಜೋಡಿಸುವ ಮೊದಲ ಈಥರ್ನೆಟ್ ಸ್ವಿಚ್ ಮಾರುಕಟ್ಟೆಗೆ ಬಂತು, ಏಳು ಪೋರ್ಟಿನದು. ಅದನ್ನು ತಂದ ಕಂಪನಿಯ ಹೆಸರು ಕಲ್ಪನಾ. ಸ್ಥಾಪಕರಲ್ಲಿ ಒಬ್ಬರಾದ ವಿನೋದ್ ಭಾರದ್ವಾಜ್ ತಮ್ಮ ಪತ್ನಿಯ ಹೆಸರನ್ನೇ ಕಂಪನಿಗೆ ಇಟ್ಟಿದ್ದರು. 1994ರಲ್ಲಿ ಸಿಸ್ಕೋ ಅದನ್ನು ಕೊಂಡಿತು. ಭಾರತದಲ್ಲಿ ಕಂಪ್ಯೂಟರ್ ಜಾಲಕ್ಕೆ ಅಡಿಪಾಯ ಹಾಕಿದ ಅರ್ನೆಟ್ ಯೋಜನೆ 1986ರಲ್ಲಿ ಶುರುವಾದಾಗ ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ಮಲ್ಲೇಶ್ವರದ ನೆರೆಯ ಭಾರತೀಯ ವಿಜ್ಞಾನ ಮಂದಿರವೂ ಒಂದು. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಸ್ವಿಚ್ಚು ದುಬಾರಿಯಾಗಿದ್ದ ಆ ದಿನಗಳಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಪೋರ್ಟಿನ ಕಾರ್ಡು ಹಾಕಿ ಅದನ್ನೇ ಸ್ವಿಚ್ಚಿನಂತೆ ದುಡಿಸುವುದು ನಿಜಕ್ಕೂ ಉಳಿತಾಯವಾಗಿತ್ತು.

ಹೀಗೆ ದುಡಿಸುವುದಕ್ಕೆ ಬ್ರಿಡ್ಜ್ ಮಾಡುವುದು ಎನ್ನುತ್ತಾರೆ. ಲಿನಕ್ಸಿನಲ್ಲಿ ನಾಲ್ಕೂ ಪೋರ್ಟುಗಳನ್ನು ಒಂದು ಬ್ರಿಡ್ಜಿಗೆ ಸೇರಿಸಿದರೆ ಒಂದರಲ್ಲಿ ಬಂದ ಮಾಹಿತಿಯ ಪೊಟ್ಟಣ ಸರಿಯಾದ ಇನ್ನೊಂದರಿಂದ ಹೊರಹೋಗುತ್ತದೆ. ಸ್ವಿಚ್ಚು ಮಾಡುವುದೂ ಇದನ್ನೇ. ಆದರೆ ಸ್ವಿಚ್ಚಿನೊಳಗೆ ಆ ಕೆಲಸಕ್ಕೆಂದೇ ಮಾಡಿದ ಚಿಪ್ ಇದೆ, ಬ್ರಿಡ್ಜಿನಲ್ಲಿ ಪ್ರತಿಯೊಂದು ಪೊಟ್ಟಣವೂ ಕಂಪ್ಯೂಟರಿನ ಪ್ರೊಸೆಸರ್ ಮುಟ್ಟಿಯೇ ಹೋಗಬೇಕು. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಇವತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ, ಎರಡು ಮೂರು ವಾಟ್ ವಿದ್ಯುತ್ತಿನಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಕಂಪ್ಯೂಟರ್ ಕೆಟ್ಟರೆ ಬ್ರಿಡ್ಜೂ ಕೆಟ್ಟಿತು, ಮನೆಯೊಳಗಿನ ಪ್ರಿಂಟರಿಗೂ ದಾರಿ ಇಲ್ಲ. ಆದ್ದರಿಂದ ಪೋರ್ಟುಗಳ ಸಂಖ್ಯೆ ಹೆಚ್ಚಾದರೆ ಸಾಕು ಎನ್ನುವವರು ಕಾರ್ಡಿನ ತಂಟೆಗೆ ಹೋಗದೆ ಒಂದು ಸ್ವಿಚ್ಚು ಕೊಳ್ಳುವುದೇ ಸರಿ. ಇಪ್ಪತ್ತೈದು ವರ್ಷಗಳ ಹಿಂದಿನ ಸಲಹೆಯನ್ನು ಇಂದೂ ಹಾಗೆಯೇ ಪಾಲಿಸಿದರೆ ಅಗ್ಗದ ಹೆಸರಿನಲ್ಲಿ ದುಬಾರಿ ಕೆಲಸವಾಗುತ್ತದೆ.

ಬ್ರಿಡ್ಜ್ ಮಾಡದೆ ಪ್ರತಿ ಪೋರ್ಟನ್ನೂ ಬೇರೆಯಾಗಿಟ್ಟಾಗ ಕಾರ್ಡಿನ ಬೆಲೆ ಗೊತ್ತಾಗುತ್ತದೆ. ಬ್ರಿಡ್ಜು ಅಥವಾ ಸ್ವಿಚ್ಚು ಎಂದರೆ ಒಂದೇ ಪಡಸಾಲೆಗೆ ಬಾಗಿಲು ತೆರೆದ ನಾಲ್ಕು ಕೋಣೆ, ಯಾರು ಬೇಕಾದರೂ ಯಾರ ಕೋಣೆಗೂ ಹೋಗಬಹುದು. ಪ್ರತ್ಯೇಕ ಪೋರ್ಟುಗಳಲ್ಲಿ ಹಾಗಿಲ್ಲ. ಒಂದು ಪೋರ್ಟಿನವರು ಇನ್ನೊಂದರವರನ್ನು ಮುಟ್ಟಬೇಕಾದರೆ ನಡುವಿನ ಕಂಪ್ಯೂಟರು ಒಪ್ಪಬೇಕು. ಒಪ್ಪುವ ಒಪ್ಪದ ನಿಯಮಗಳನ್ನು ಮನೆಯವರೇ ಬರೆಯಬಹುದು. ಈ ಕೆಲಸಕ್ಕೆ ಪಿಎಫ್‌ಸೆನ್ಸ್, 2015ರಲ್ಲಿ ಅದರಿಂದ ಕವಲೊಡೆದ ಓಪಿಎನ್‌ಸೆನ್ಸ್, ಲಿನಕ್ಸ್ ಆಧಾರಿತ ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶಗಳಿವೆ. ಮೂರೂ ಮನೆ ಬಳಕೆಗೆ ಉಚಿತವಾಗಿ ಸಿಗುತ್ತವೆ. ಹಳೆಯ ಕಂಪ್ಯೂಟರಿಗೆ ಇವುಗಳಲ್ಲಿ ಒಂದನ್ನು ಹಾಕಿದರೆ ಅದು ರೌಟರೂ ಆಯಿತು, ಫೈರ್‌ವಾಲೂ ಆಯಿತು.

ಮೇಲೆ ಹೇಳಿದಂಥ ಒಂದು ಮನೆಯನ್ನೇ ತೆಗೆದುಕೊಂಡರೆ ಹಂಚಿಕೆ ಹೀಗಿರಬಹುದು. ಮೊದಲ ಪೋರ್ಟಿಗೆ ಇಂಟರ್ನೆಟ್ ಕಂಪನಿಯ ಫೈಬರ್ ಪೆಟ್ಟಿಗೆಯಿಂದ ಬಂದ ಕೇಬಲ್. ಎರಡನೆಯದಕ್ಕೆ ಕೆಳಮನೆ, ಮೂರನೆಯದಕ್ಕೆ ಮಹಡಿ, ನಾಲ್ಕನೆಯದಕ್ಕೆ ಸಿಸಿಟಿವಿ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಮೊದಲೇ ಇರುವ ಐದನೆಯ ಕಿಂಡಿ ಔಟ್‌ಹೌಸಿನ ಕಚೇರಿಗೆ. ಎರಡು ಕಂಪನಿಗಳ ಸಂಪರ್ಕ ಇರುವ ಮನೆಯಾದರೆ ಐದನೆಯದನ್ನು ಆ ಎರಡನೆಯ ಸಂಪರ್ಕಕ್ಕೆ ಕೊಡಬಹುದು. ರಸ್ತೆ ಅಗೆಯುವವರ ಕೈಯಲ್ಲಿ ಒಂದು ಫೈಬರ್ ತುಂಡಾದಾಗ ತಂತ್ರಾಂಶ ತಾನಾಗಿ ಇನ್ನೊಂದಕ್ಕೆ ಹೊರಳುತ್ತದೆ. ನಾಲ್ಕು ಪೋರ್ಟು ಸೇರಿದರೆ ಇಂಟರ್ನೆಟ್ ವೇಗ ನಾಲ್ಕು ಪಟ್ಟಾಗುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. ಕಂಪನಿ ಕೊಡುವುದು 100 ಮೆಗಾಬಿಟ್ ಆದರೆ ಮನೆಗೆ ಬರುವುದೂ ಅಷ್ಟೇ.

ಕಾರ್ಡು ಆರಿಸುವಾಗ ಮೊದಲು ನೋಡಬೇಕಾದದ್ದು ಅದು ಕೂರುವ ಸ್ಲಾಟು. ಹಳೆಯ ಪಿಸಿಐ ಸ್ಲಾಟಿನ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 133 ಮೆಗಾಬೈಟ್, ಅಂದರೆ ಹೆಚ್ಚುಕಡಿಮೆ 1 ಗಿಗಾಬಿಟ್. ಹೋಗುವುದು ಬರುವುದು ಎರಡೂ ಅದರಲ್ಲೇ. 100 ಮೆಗಾಬಿಟ್ಟಿನ ನಾಲ್ಕು ಪೋರ್ಟುಗಳಿಗೆ ಅದು ಸಾಕಿತ್ತು, ಗಿಗಾಬಿಟ್ಟಿನ ನಾಲ್ಕಕ್ಕೆ ಸಾಲದು. ಪಿಸಿಐ ಎಕ್ಸ್‌ಪ್ರೆಸ್ ಬಂದ ಮೇಲೆ ಈ ಇಕ್ಕಟ್ಟು ಹೋಯಿತು. ಅದರ ಮೊದಲ ಪೀಳಿಗೆಯಲ್ಲೇ ಒಂದು ಲೇನಿಗೆ ಪ್ರತಿ ದಿಕ್ಕಿನಲ್ಲಿ 250 ಮೆಗಾಬೈಟ್. ನಾಲ್ಕು ಲೇನಿನ ಕಾರ್ಡಿಗೆ 1000, ಅಂದರೆ 8 ಗಿಗಾಬಿಟ್. ನಾಲ್ಕು ಪೋರ್ಟೂ ತುಂಬಿ ಹರಿದರೂ ಅರ್ಧ ಉಳಿಯುತ್ತದೆ. ಹೀಗಾಗಿ ಪಿಸಿಐ ಕಾರ್ಡು ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಟ್ಟು, ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನೇ ಕೇಳಬೇಕು. ಗ್ರಾಫಿಕ್ಸ್ ಕಾರ್ಡಿಗೆಂದು ಇರುವ ಉದ್ದನೆಯ ಸ್ಲಾಟಿನಲ್ಲಿ ಅದು ಧಾರಾಳವಾಗಿ ಕೂರುತ್ತದೆ.

ಬಳಸಿದ ಕಾರ್ಡುಗಳಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು ಇಂಟೆಲ್ ಪ್ರೊ 1000 ಪಿಟಿ ಕ್ವಾಡ್, ಅದೇ ಇಂಟೆಲ್ ಚಿಪ್ಪಿನ ಎಚ್‌ಪಿ ಎನ್‌ಸಿ364ಟಿ, ನಂತರದ ಇಂಟೆಲ್ ಐ350-ಟಿ4. ಮೊದಲೆರಡರಲ್ಲಿ ಎರಡು ಪೋರ್ಟಿಗೊಂದು ಚಿಪ್ಪಿನಂತೆ ಎರಡು ಚಿಪ್ಪುಗಳು, ಅವನ್ನು ಜೋಡಿಸಲು ಮೂರನೆಯದು. ಬಿಸಿ ಜಾಸ್ತಿ. ಐ350ರಲ್ಲಿ ನಾಲ್ಕು ಪೋರ್ಟಿಗೂ ಒಂದೇ ಚಿಪ್ಪು, ವಿದ್ಯುತ್ತು ಸುಮಾರು 5 ವಾಟ್. ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳುವುದು ಜಾಣತನ. ಆದರೆ ಐ350ರ ನಕಲಿ ಕಾರ್ಡುಗಳು ಜಗತ್ತಿನಾದ್ಯಂತ ಹರಿದಾಡುತ್ತಿವೆ. ಹೊಚ್ಚಹೊಸದು ಎಂದು ತೀರಾ ಕಡಿಮೆ ಬೆಲೆಗೆ ಕೊಡುವ ಕಾರ್ಡಿಗಿಂತ, ಸರ್ವರಿನಿಂದ ಕಳಚಿದ, ಅಂಚಿನಲ್ಲಿ ಬಳಕೆಯ ಗೀರು ಕಾಣುವ ಡೆಲ್ ಅಥವಾ ಎಚ್‌ಪಿ ಗುರುತಿನ ಕಾರ್ಡು ನಂಬಿಕೆಗೆ ಹೆಚ್ಚು ಅರ್ಹ. ಅಂಗಡಿಯಲ್ಲೇ ಒಂದು ಕಂಪ್ಯೂಟರಿಗೆ ಹಾಕಿಸಿ, ನಾಲ್ಕು ಕಿಂಡಿಗೂ ಒಂದೊಂದಾಗಿ ಕೇಬಲ್ ಕೊಟ್ಟು ದೀಪ ಹೊತ್ತುತ್ತದೆಯೇ ನೋಡಿಯೇ ಹಣ ಕೊಡಬೇಕು.

ಇನ್ನೊಂದು ಸಣ್ಣ ವಿಷಯ ಬಹಳ ಜನರನ್ನು ಎರಡನೆಯ ಸಲ ಎಸ್.ಪಿ. ರೋಡಿಗೆ ಓಡಿಸುತ್ತದೆ. ಕಚೇರಿಗಳಿಂದ ಬರುವ ಹಳೆಯ ಕಂಪ್ಯೂಟರುಗಳಲ್ಲಿ ಅನೇಕವು ಚಪ್ಪಟೆ ಮೈಯವು. ಅವಕ್ಕೆ ಕಾರ್ಡಿನ ತುದಿಯ ಲೋಹದ ಪಟ್ಟಿ ಗಿಡ್ಡದಾಗಿರಬೇಕು. ಉದ್ದ ಪಟ್ಟಿಯ ಕಾರ್ಡು ಸ್ಲಾಟಿಗೆ ಹೊಂದಿದರೂ ಡಬ್ಬದ ಮುಚ್ಚಳ ಮುಚ್ಚುವುದಿಲ್ಲ. ಕೊಳ್ಳುವಾಗಲೇ ಗಿಡ್ಡ ಪಟ್ಟಿಯನ್ನು ಕೇಳಿ ಪಡೆದರೆ, ಎರಡು ತಿರುಪು ಬಿಚ್ಚಿ ಬದಲಿಸುವ ಕೆಲಸ ಅಷ್ಟೇ.

ಕೇಬಲ್ಲಿನ ವಿಷಯದಲ್ಲಿ ಉಳಿತಾಯ ಮಾಡಲೇಬಾರದು. ಗಿಗಾಬಿಟ್ ವೇಗಕ್ಕೆ ಕ್ಯಾಟ್ 5ಇ ಸಾಕು, 100 ಮೀಟರಿನವರೆಗೆ ನಡೆಯುತ್ತದೆ. ಹಳೆಯ ಬಡಾವಣೆಯ ಸಾಮಾನ್ಯ ಸೈಟಿನಲ್ಲಿ ಗೇಟಿನಿಂದ ಹಿತ್ತಲಿಗೆ ಅದರ ಅರ್ಧವೂ ಬೇಕಾಗದು. ಅಗ್ಗದ ಕೇಬಲ್ಲುಗಳಲ್ಲಿ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರ ಬಳಿದಿರುತ್ತದೆ. ಬ್ಲೇಡಿನಿಂದ ತಂತಿಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅಂಥದ್ದನ್ನು ವಾಪಸ್ ಕೊಡಬೇಕು. ಶುದ್ಧ ತಾಮ್ರದ ಕೇಬಲ್ ಒಮ್ಮೆ ಎಳೆದರೆ ಕಾರ್ಡು, ಕಂಪ್ಯೂಟರು ಎಷ್ಟು ಸಲ ಬದಲಾದರೂ ಅದು ಉಳಿಯುತ್ತದೆ.

ಎಳೆಯುವ ದಾರಿಯನ್ನೂ ಯೋಚಿಸಬೇಕು. ಗಾರೆ ಗೋಡೆಯನ್ನು ಕೊರೆದು ಪೈಪು ಹುದುಗಿಸಿದರೆ ಸುತ್ತಲಿನ ಗಾರೆ ಉದುರುತ್ತದೆ. ಕೆಂಪು ನೆಲವನ್ನು ಒಮ್ಮೆ ಕತ್ತರಿಸಿದರೆ ಅದೇ ಬಣ್ಣಕ್ಕೆ ಮತ್ತೆ ತರುವ ಕೆಲಸಗಾರರು ಸಿಗುವುದು ಕಷ್ಟ. ಗೋಡೆ ನೆಲ ಕೂಡುವ ಅಂಚಿನಲ್ಲಿ ಅಥವಾ ತೊಲೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಪಟ್ಟಿಯೊಳಗೆ ಒಯ್ಯುವುದು ಮನೆಗೂ ಮರ್ಯಾದೆ, ಕೆಲಸವೂ ಸುಲಭ. ಹಳೆಯ ಮರದ ಪಟ್ಟಿಯ ವೈರಿಂಗ್ ಇರುವ ಕಡೆ ಅದರೊಳಗೇ ಡೇಟಾ ಕೇಬಲ್ ತೂರಿಸುವ ಆಸೆ ಬರಬಹುದು. ಅದು ಕೂಡದು. ವಿದ್ಯುತ್ ತಂತಿಯ ಜೊತೆ ಒಂದೇ ಪಟ್ಟಿಯಲ್ಲಿ ಇದನ್ನು ಹಾಕುವುದು ಅಪಾಯ.

ಕೇಬಲ್ಲಿನ ತುದಿಗೆ ಪ್ಲಗ್ ಹಾಕುವ ಕೆಲಸ ನಿಧಾನದ್ದು, ಆದರೆ ಯಾರು ಬೇಕಾದರೂ ಕಲಿಯಬಹುದು. ಹೊರಗಿನ ಸಿಪ್ಪೆಯನ್ನು ಒಂದು ಅಂಗುಲ ತೆಗೆದರೆ ಒಳಗೆ ನಾಲ್ಕು ಜೋಡಿ, ಒಟ್ಟು ಎಂಟು ತಂತಿ. ತಿರುಚನ್ನು ಬೇಕಾದಷ್ಟೇ ಬಿಡಿಸಬೇಕು, ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಡಿಸಿದರೆ ಸಂಕೇತ ಕೆಡುತ್ತದೆ. ಪ್ಲಗ್ಗಿನ ಕ್ಲಿಪ್ಪು ಕೆಳಮುಖವಾಗಿ, ಕೇಬಲ್ ತೂರುವ ಬಾಯಿ ತಮ್ಮ ಕಡೆಗೆ ಇರುವಂತೆ ಹಿಡಿದರೆ ಎಡದಿಂದ ಬಣ್ಣಗಳ ಸಾಲು ಇದು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎಂಟೂ ತುದಿಗಳನ್ನು ಸಮವಾಗಿ ಕತ್ತರಿಸಿ ಪ್ಲಗ್ಗಿನ ಮುಂಗೋಡೆಗೆ ತಾಗುವವರೆಗೆ ತಳ್ಳಿ ಕ್ರಿಂಪರಿನಿಂದ ಒತ್ತಬೇಕು. ಸಿಪ್ಪೆಯ ತುದಿಯೂ ಪ್ಲಗ್ಗಿನೊಳಗೆ ಸೇರಿರಬೇಕು, ಇಲ್ಲದಿದ್ದರೆ ಎಳೆತವೆಲ್ಲ ಸಣ್ಣ ತಂತಿಗಳ ಮೇಲೆ ಬೀಳುತ್ತದೆ. 100 ಮೆಗಾಬಿಟ್ಟಿಗೆ ಕಿತ್ತಳೆ ಮತ್ತು ಹಸಿರು ಜೋಡಿಗಳು ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೀಲಿಯೋ ಕಂದೋ ಒಂದು ಎಳೆ ಸರಿಯಾಗಿ ಕೂರದಿದ್ದರೆ ಹಲವು ಕಾರ್ಡುಗಳು ತಾವಾಗಿ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಪ್ರತಿ ಪೋರ್ಟಿನ ವೇಗವನ್ನು ತಂತ್ರಾಂಶದಲ್ಲಿ ಒಮ್ಮೆ ನೋಡಿಕೊಳ್ಳಬೇಕು. 1000 ಎಂದು ಇದ್ದರೆ ಪ್ಲಗ್ ಸರಿಯಾಗಿ ಕೂತಿದೆ.

ವೈಫೈಗೆ ಹೊಸ ಉಪಕರಣ ಕೊಳ್ಳಬೇಕಿಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ರೌಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸೌಲಭ್ಯವನ್ನು ನಿಲ್ಲಿಸಿ, ಕೇಬಲ್ಲನ್ನು ಇಂಟರ್ನೆಟ್ ಕಿಂಡಿಗೆ ಬದಲು ಉಳಿದ ಕಿಂಡಿಗಳಲ್ಲಿ ಒಂದಕ್ಕೆ ಕೊಟ್ಟರೆ ಅದು ಬರಿಯ ವೈಫೈ ಪೆಟ್ಟಿಗೆಯಾಗುತ್ತದೆ. ಹಿತ್ತಲ ಕೋಣೆಗೊಂದು, ಮಹಡಿಗೊಂದು ಹೀಗೆ ಇಟ್ಟರೆ ದಪ್ಪ ಗೋಡೆಯ ತಕರಾರು ಮುಗಿಯಿತು.

ವಿಳಾಸಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಮನೆಯೊಳಗಿನ ಬಳಕೆಗೆ 192.168ರಿಂದ ಶುರುವಾಗುವ ವಿಳಾಸಗಳನ್ನು 1994ರಿಂದ ಮೀಸಲಿಡಲಾಗಿದೆ. ಕಂಪನಿಯ ಫೈಬರ್ ಪೆಟ್ಟಿಗೆ ಸಾಮಾನ್ಯವಾಗಿ 192.168.1ರ ಸಾಲನ್ನು ಬಳಸುತ್ತದೆ. ಹೊಸ ರೌಟರೂ ಅದನ್ನೇ ಬಳಸಿದರೆ ಎರಡೂ ಗೊಂದಲಕ್ಕೆ ಬಿದ್ದು ಇಂಟರ್ನೆಟ್ ನಿಲ್ಲುತ್ತದೆ. ಕೆಳಮನೆಗೆ 192.168.10, ಮಹಡಿಗೆ 20, ಕ್ಯಾಮೆರಾಗೆ 30 ಎಂದು ಕೊಟ್ಟರೆ ಗೊಂದಲವೂ ಇಲ್ಲ, ನೆನಪಿಗೂ ಸುಲಭ. ಪಿಎಫ್‌ಸೆನ್ಸ್ ಮತ್ತು ಓಪಿಎನ್‌ಸೆನ್ಸ್ ಎರಡರಲ್ಲೂ ಹೊಸದಾಗಿ ಸೇರಿಸಿದ ಪೋರ್ಟು ನಿಯಮ ಬರೆಯುವ ತನಕ ಏನನ್ನೂ ಹೊರಬಿಡುವುದಿಲ್ಲ. ಮಹಡಿಯವರಿಗೆ ಇಂಟರ್ನೆಟ್ ಬರುತ್ತಿಲ್ಲ ಎಂಬ ಮೊದಲ ದಿನದ ದೂರಿಗೆ ಸಾಮಾನ್ಯ ಕಾರಣ ಇದು. ಮನೆಯ ಬೇರೆ ಸಾಲುಗಳಿಗೆ ಹೋಗಬಾರದು, ಉಳಿದೆಲ್ಲ ಕಡೆ ಹೋಗಬಹುದು ಎಂದು ಎರಡು ನಿಯಮ ಬರೆದರೆ ಸಾಕು.

ಕ್ಯಾಮೆರಾಗಳನ್ನು ಪ್ರತ್ಯೇಕ ಪೋರ್ಟಿಗೆ ಹಾಕುವುದು ಅತಿ ಜಾಗರೂಕತೆ ಎನ್ನಿಸಬಹುದು. ಆದರೆ 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳನ್ನು ವಶಪಡಿಸಿಕೊಂಡಿತು. ಕಾರ್ಖಾನೆ ಕೊಟ್ಟ ಪಾಸ್‌ವರ್ಡನ್ನೇ ಯಾರೂ ಬದಲಿಸಿರಲಿಲ್ಲ. ಮನೆ ಕಾಯಲು ಇಟ್ಟ ಕ್ಯಾಮೆರಾ ಮನೆಯೊಳಗಿನ ಕಂಪ್ಯೂಟರುಗಳನ್ನು ಮುಟ್ಟಲಾಗದಂತೆ, ಹೊರಗಿನ ಇಂಟರ್ನೆಟ್ಟನ್ನೂ ಕಾಣದಂತೆ ಮಾಡುವುದು ಬೇರೆ ಪೋರ್ಟಿನಿಂದ ಸುಲಭವಾಗಿ ಆಗುತ್ತದೆ. ಈ ಕಾರ್ಡುಗಳು ಕೇಬಲ್ಲಿನ ಮೂಲಕ ಕ್ಯಾಮೆರಾಗೆ ವಿದ್ಯುತ್ ಕೊಡುವುದಿಲ್ಲ, ಕೇಬಲ್ಲಿನಿಂದಲೇ ವಿದ್ಯುತ್ ಪಡೆಯುವ ಕ್ಯಾಮೆರಾಗಳಿಗೆ ಹಾಗೆ ಕೊಡಬಲ್ಲ ಪಿಒಇ ಸ್ವಿಚ್ಚು ಬೇಕಾಗುತ್ತದೆ. ಅಮೆರಿಕದಲ್ಲಿರುವ ಮಕ್ಕಳು ಮಲ್ಲೇಶ್ವರದ ಮನೆಯ ಗೇಟನ್ನು ನೋಡಬೇಕೆಂದರೆ ಕ್ಯಾಮೆರಾವನ್ನು ಇಂಟರ್ನೆಟ್ಟಿಗೆ ತೆರೆಯಬಾರದು. ವೈರ್‌ಗಾರ್ಡ್ ಎಂಬ ವಿಪಿಎನ್ ಇದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಕೀಲಿ ಇರುವವರಿಗೆ ಮಾತ್ರ ದಾರಿ ಬಿಡುತ್ತದೆ. ಅದಕ್ಕೆ ಕಂಪನಿ ಮನೆಗೆ ಸಾರ್ವಜನಿಕ ವಿಳಾಸ ಕೊಟ್ಟಿರಬೇಕು. ಅನೇಕ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ವಿಳಾಸ ಹಂಚುತ್ತವೆ, ಹಾಗಿದ್ದಲ್ಲಿ ಐಪಿವಿ6 ಇದೆಯೇ ಎಂದು ಕೇಳಬೇಕು.

ಖರ್ಚಿನ ಲೆಕ್ಕದಲ್ಲಿ ಜನ ಮರೆಯುವುದು ವಿದ್ಯುತ್ತನ್ನು. ಹಳೆಯ ಡೆಸ್ಕ್‌ಟಾಪು 50 ವಾಟ್ ಎಳೆದರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ 216 ರೂಪಾಯಿ, ವರ್ಷಕ್ಕೆ ಎರಡೂವರೆ ಸಾವಿರ ದಾಟುತ್ತದೆ. ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಮನೆಗಳಲ್ಲಿ ಲೆಕ್ಕ ಇನ್ನೂ ಬಿಗಿ. ಉಚಿತ ಸಿಗುವುದು ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್. 180ರಲ್ಲಿರುವ ಮನೆಗೆ ಈ 36 ಸೇರಿದರೆ ಸೌಲಭ್ಯವೇ ತಪ್ಪುತ್ತದೆ. ಆದ್ದರಿಂದ ಹಳೆಯ ಎಂಬ ಮಾತಿಗೆ ತೀರಾ ಹಳೆಯದನ್ನು ತರದೆ, 20 ವಾಟ್ ಆಸುಪಾಸಿನಲ್ಲಿ ನಡೆಯುವ, ಸ್ಲಾಟ್ ಇರುವ ಸಣ್ಣ ಕಂಪ್ಯೂಟರನ್ನು ಹುಡುಕಬೇಕು. ಗ್ರಾಫಿಕ್ಸ್ ಕಾರ್ಡ್, ಸಿಡಿ ಡ್ರೈವ್ ಇದ್ದರೆ ಕಳಚಿಡಬೇಕು. ಕರೆಂಟು ಹೋದಾಗ ಎಲ್ಲರ ಇಂಟರ್ನೆಟ್ ಒಟ್ಟಿಗೆ ನಿಲ್ಲದಂತೆ ಸಣ್ಣ ಯುಪಿಎಸ್ ಕೂಡ ಬೇಕು.

ಏಪ್ರಿಲ್, ಮೇ ತಿಂಗಳ ಬೆಂಗಳೂರಿನ ಗುಡುಗು ಮಳೆ ಇನ್ನೊಂದು ಪರೀಕ್ಷೆ. ತಾರಸಿಯ ಮೇಲೆ, ಅಥವಾ ಮನೆಯಿಂದ ಔಟ್‌ಹೌಸಿಗೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ ಹತ್ತಿರದ ಸಿಡಿಲಿನ ಆಘಾತವನ್ನು ನೇರ ಕಾರ್ಡಿಗೆ ತರುತ್ತದೆ. ಒಂದು ಪೋರ್ಟು ಸುಟ್ಟರೆ ಪೂರ್ತಿ ಕಾರ್ಡು ಹೋಗಬಹುದು. ಬಯಲು ದಾಟುವ ಕಡೆ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಹಾಕುವುದು ಉತ್ತಮ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಬಹುಪೋರ್ಟ್ ಕಾರ್ಡಿಗೆ ಒಂದು ಪರ್ಯಾಯವೂ ಇದೆ. 1998ರ ವಿಲ್ಯಾನ್ ಮಾನದಂಡ ತಿಳಿದಿರುವ ಸ್ಮಾರ್ಟ್ ಸ್ವಿಚ್ಚಿನಲ್ಲಿ ಒಂದೇ ಕೇಬಲ್ಲಿನ ಮೇಲೆ ಹಲವು ನೆಟ್‌ವರ್ಕುಗಳನ್ನು ಬೇರೆ ಬೇರೆಯಾಗಿ ಓಡಿಸಬಹುದು. ಬುದ್ಧಿವಂತಿಕೆಯ ದಾರಿ ಅದು, ಆದರೆ ಒಂದು ಅಂಕಿ ತಪ್ಪಿದರೆ ಎರಡು ಮನೆಗಳು ಸದ್ದಿಲ್ಲದೆ ಒಂದಾಗಿಬಿಡುತ್ತವೆ. ಕಾರ್ಡಿನಲ್ಲಿ ಬೇರ್ಪಾಡು ಕಣ್ಣಿಗೆ ಕಾಣುತ್ತದೆ, ಈ ಕೇಬಲ್ ಮಹಡಿಗೆ, ಈ ಕೇಬಲ್ ಕೆಳಮನೆಗೆ. ಹೊಸದಾಗಿ ಕಲಿಯುವವರಿಗೆ, ಎರಡು ಮೂರು ಸಂಸಾರ ಇರುವ ಮನೆಗೆ ಕಾರ್ಡೇ ಮೇಲು. ಬಾಡಿಗೆಯವರ ಜೊತೆ ಸಂಪರ್ಕ ಹಂಚಿಕೊಳ್ಳುವ ಮುನ್ನ ಇಂಟರ್ನೆಟ್ ಕಂಪನಿಯ ಕರಾರನ್ನು ಓದುವುದು ಅಗತ್ಯ. ಮನೆ ಸಂಪರ್ಕವನ್ನು ದುಡ್ಡಿಗೆ ಮರುಮಾರಾಟ ಮಾಡಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ.

ಕೊನೆಯದಾಗಿ, ಈ ವ್ಯವಸ್ಥೆ ಮಾಡಿಕೊಟ್ಟವರು ಎಷ್ಟೋ ಮನೆಗಳಲ್ಲಿ ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರುತ್ತಾರೆ, ಕೆಟ್ಟ ದಿನ ಅದರ ಮುಂದೆ ನಿಲ್ಲುವವರು ಮನೆಯಲ್ಲಿರುವ ಹಿರಿಯರು. ಪ್ರತಿ ಕೇಬಲ್ಲಿನ ಎರಡು ತುದಿಗೂ ಹೆಸರಿನ ಚೀಟಿ ಅಂಟಿಸಬೇಕು. ಯಾವ ಕಿಂಡಿ ಯಾರಿಗೆ, ವಿಳಾಸ ಯಾವುದು, ಯಾವ ಪೆಟ್ಟಿಗೆಯನ್ನು ಮೊದಲು ಆರಿಸಿ ಹಚ್ಚಬೇಕು ಎಂಬುದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಹಾಕಬೇಕು. ಪಾಸ್‌ವರ್ಡನ್ನು ಗೋಡೆಗೆ ಅಂಟಿಸದೆ ಬೀರುವಿನಲ್ಲಿಡಬೇಕು. ಮನೆಯ ನೆಟ್‌ವರ್ಕಿಗೆ ಕೈ ಹಾಕುವವರು ಆ ಹಾಳೆ ಬರೆದ ಮೇಲೆಯೇ ಕೆಲಸ ಮುಗಿಯಿತು ಎಂದು ಎಣಿಸಲಿ.